ರಿಯೋಹಾನಾ, ರಿಬೆರಾನಾ? ಯಾವ ಬಾಟಲ್ ತಗೊಳ್ಳೋದು

ಸ್ಪೇನ್‌ದು ರೆಡ್ ವೈನ್ ಟ್ರೈ ಮಾಡೋಣ ಅಂತ ಹೊರಟ್ರೆ ಜಾಸ್ತಿ ಎದುರಾಗೋದು ಈ ಎರಡು ಪ್ರದೇಶದ ವೈನ್‌ಗಳೇ, ರಿಯೋಹಾ ಮತ್ತೆ ರಿಬೆರಾ ದೆಲ್ ದುವೆರೊ. ಎರಡರಲ್ಲೂ ಮುಖ್ಯ ದ್ರಾಕ್ಷಿ ತೆಂಪ್ರಾನಿಯೊನೇ, ಆದ್ರೆ ಬಾಯಿಗಿಟ್ರೆ ಒಂದೇ ದ್ರಾಕ್ಷಿ ಅಂತ ನಂಬೋಕೇ ಆಗಲ್ಲ.

ರಿಬೆರಾ ತೋಟಗಳು ಹೆಚ್ಚುಕಮ್ಮಿ 750ರಿಂದ 1000 ಮೀಟರ್ ಎತ್ತರದಲ್ಲಿವೆ, ಬೇಸಿಗೇಲಿ ಹಗಲು ಸುಡೋ ಬಿಸಿಲು ರಾತ್ರಿ ಚಳಿ, ಹಂಗಾಗಿ ಸಿಪ್ಪೆ ದಪ್ಪ, ಬಣ್ಣ ಗಾಢ, ಹುಳಿನೂ ಉಳ್ಕೊಳ್ಳತ್ತೆ, ಜೊತೆಗೆ ಟ್ಯಾನಿನ್ ಜೋರು, ನೇರಳೆಹಣ್ಣು ತಿಂದಾಗ ನಾಲಿಗೆ ಹಿಡ್ಕೊಳ್ಳತ್ತಲ್ಲ ಆ ಥರ ಒಗರು. ಮಟನ್ ರೋಸ್ಟ್ ಇದ್ರೆ ಇದನ್ನೇ ತಗೊಳ್ಳಿ, ಅಲ್ಲಿನವರೂ ಕುರಿಮರಿ ರೋಸ್ಟ್ ಜೊತೆನೇ ಕುಡಿಯೋದು.

ರಿಯೋಹಾ ಮೆದು. ಗಾರ್ನಾಚಾ, ಗ್ರಾಸಿಯಾನೊ ಅನ್ನೋ ಬೇರೆ ದ್ರಾಕ್ಷಿನೂ ಬೆರೆಸೋದುಂಟು, ಹಳೇ ಪದ್ಧತೀಲಿ ಅಮೆರಿಕನ್ ಓಕ್ ಪೀಪಾಯೀಲಿ ಇಡ್ತಾರೆ, ಅದರಿಂದಾನೇ ಆ ವೆನಿಲ್ಲಾ, ಕೊಬ್ಬರಿ ಘಮ. ಲೇಬಲ್ ನೋಡೋದು ಮರೀಬೇಡಿ: ಕ್ರಿಯಾನ್ಸಾ ಅಂದ್ರೆ ಕನಿಷ್ಠ 2 ವರ್ಷ ಮಾಗಿಸಿದ್ದು, ರೆಸೆರ್ವಾ 3, ಗ್ರಾನ್ ರೆಸೆರ್ವಾ 5. ವಯಸ್ಸಾದಷ್ಟೂ ಹಣ್ಣಿನ ರುಚಿ ಹಿಂದೆ ಸರಿದು ಚರ್ಮ, ತಂಬಾಕು, ಒಣಹಣ್ಣಿನ ವಾಸನೆ ಮುಂದೆ ಬರತ್ತೆ, ನಂಗಂತೂ ಅದೇ ಪ್ರಾಣ.

ಮೊದಲನೇ ಬಾಟಲ್ ಆದ್ರೆ ರಿಯೋಹಾ ಕ್ರಿಯಾನ್ಸಾ ತಗೊಳ್ಳಿ. ಕಾಫಿಗೆ ಸಕ್ಕರೆ ಹಾಕ್ದೆ ಸ್ಟ್ರಾಂಗಾಗಿ ಕುಡಿಯೋರಾದ್ರೆ ನೇರ ರಿಬೆರಾಗೇ ಹೋಗಿ, ಆದ್ರೆ ಅರ್ಧ ಗಂಟೆ ಮುಂಚೆ ಡಿಕ್ಯಾಂಟರ್‌ಗೆ (ವೈನ್‌ಗೆ ಗಾಳಿ ತಾಗಲಿ ಅಂತ ಸುರಿಯೋ ಗಾಜಿನ ಹೂಜಿ) ಸುರಿದಿಡಿ. ಯಾವುದೇ ಆದ್ರೂ 16-18 ಡಿಗ್ರಿ ಇರ್ಲಿ, ಬೆಂಗಳೂರಿನ ಏಪ್ರಿಲ್‌ನಲ್ಲಾದ್ರೆ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟೇ ತೆಗೀರಿ.