ಭಜಗೋವಿಂದಂ ಅರ್ಥದ ಪುಸ್ತಕ: ಒಳಗೆ ಚೆನ್ನಾಗಿದೆ, ಬೈಂಡಿಂಗ್ ಮಾತ್ರ ಕೇಳಬೇಡಿ

ಮೈಸೂರಿನ ದೇವರಾಜ ಮಾರ್ಕೆಟ್ ಹತ್ತಿರದ ಒಂದು ಗ್ರಂಥಿಗೆ ಅಂಗಡಿಗೆ ಅರಿಶಿನ, ಕುಂಕುಮ ತರಲು ಹೋಗಿದ್ದೆ. ಗಲ್ಲಾ ಪಕ್ಕ ಶಂಕರಾಚಾರ್ಯರ ಭಜಗೋವಿಂದಂ ಸ್ತೋತ್ರದ ಅರ್ಥ ಹೇಳುವ ಈ ಪುಟ್ಟ ಪುಸ್ತಕ ಇತ್ತು. 70 ರೂಪಾಯಿ. ಸುಮ್ನೆ ತಗೊಂಡೆ.

ಮೊದಲ ಶ್ಲೋಕದಲ್ಲಿ ಬರೋ ‘ಡುಕೃಞ್ ಕರಣೇ’ ಅಂದರೆ ಏನೋ ಬೀಜಮಂತ್ರ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ, ನಗಬೇಡಿ. ಅದು ಸಂಸ್ಕೃತ ವ್ಯಾಕರಣಕಾರ ಪಾಣಿನಿಯ ಧಾತುಪಾಠದ, ಅಂದರೆ ಕ್ರಿಯಾಪದಗಳ ಮೂಲರೂಪಗಳ ಪಟ್ಟಿಯ ಸಾಲಂತೆ, ‘ಮಾಡು’ ಅನ್ನೋ ಅರ್ಥದ ಧಾತು. ಕಾಶಿಯಲ್ಲಿ ವಯಸ್ಸಾದವರೊಬ್ಬರು ವ್ಯಾಕರಣ ಉರು ಹೊಡೆಯುತ್ತಿದ್ದದ್ದನ್ನು ಕಂಡು ಶಂಕರಾಚಾರ್ಯರು ಈ ಸ್ತೋತ್ರ ಹಾಡಿದರು, ಸಾಯೋ ಹೊತ್ತಿಗೆ ಈ ಸೂತ್ರ ನಿನ್ನನ್ನು ಕಾಯೋದಿಲ್ಲ ಅಂತ ಹೇಳಿದರು ಅನ್ನೋ ಕಥೆಯನ್ನು ಮನೆಯ ಹಿರಿಯರು ಹೇಳಿದ ಹಾಗೆ ಬರೆದಿದ್ದಾರೆ.

‘ನಳಿನೀದಲಗತ ಜಲಮತಿತರಲಂ’, ಅಂದರೆ ತಾವರೆ ಎಲೆ ಮೇಲಿನ ನೀರು ತುಂಬಾ ಚಂಚಲ ಅನ್ನೋ ಸಾಲು ಓದಿ ಹಿತ್ತಲಿಗೇ ಹೋದೆ. ತಾವರೆ ಎಲ್ಲಿ ಸಿಗಬೇಕು, ಕೆಸುವಿನ ಎಲೆ ಮೇಲೆ ಒಂದು ಚಮಚ ನೀರು ಬಿಟ್ಟೆ. ಹನಿ ಗುಂಡಗೆ ಉರುಳಾಡಿತು, ಎಲೆ ಚೂರು ಬಾಗಿದ್ದೇ ತಡ ಜಾರಿ ಹೋಯಿತು, ಎಲೆ ಮೇಲೆ ಪಸೆ ಕೂಡ ಇಲ್ಲ. ಬದುಕೂ ಹಾಗೇ ಚಂಚಲ ಅಂತ ಶ್ಲೋಕ.

ಆದರೆ ‘ಪುನರಪಿ ಜನನಂ’ ಶ್ಲೋಕಕ್ಕೆ ಬರೀ ಎರಡು ಸಾಲು ವಿವರಣೆ! ಎಲ್ಲರಿಗೂ ಗೊತ್ತು ಅಂತ ಬಿಟ್ಟರೋ ಏನೋ. ಅಚ್ಚಿನ ತಪ್ಪು ಜಾಸ್ತಿ, ಮಹಾಪ್ರಾಣಗಳು ಎಷ್ಟೋ ಕಡೆ ಮಾಯ. ಬಾಯಿಪಾಠ ಮಾಡುವವರಿಗೆ ಇದು ತೊಂದರೆ ಅಲ್ವಾ? ಬೈಂಡಿಂಗ್ ಎರಡೇ ವಾರಕ್ಕೆ ಕಿತ್ತು ಬಂತು. ಅಮ್ಮ ರಬ್ಬರ್ ಬ್ಯಾಂಡ್ ಹಾಕಿ ದೇವರ ಮನೆಯಲ್ಲಿ ಇಟ್ಟುಕೊಂಡಿದ್ದಾರೆ, ಕೇಳಿದರೂ ವಾಪಸ್ ಕೊಡುತ್ತಿಲ್ಲ.