ಸೆಕೆಂಡ್ ಹ್ಯಾಂಡ್ 17-55 ಲೆನ್ಸ್ ತಗೊಳ್ಳೋರು ಓದಿ: 2.8ರಲ್ಲಿ ತೋರಿಸಿದ್ದನ್ನ ನಂಬಬೇಡಿ

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಡಿಎಸ್‌ಎಲ್‌ಆರ್‌ನಲ್ಲಿ ಮದುವೆ ವಿಡಿಯೋ ಮಾಡೋ ಎಲ್ಲರಿಗೂ ಹೇಳ್ತಿದ್ದೀನಿ. ಕ್ಯಾನನ್ 17-55 (ಮಿ.ಮೀ. ಜೂಮ್) ಎಫ್ 2.8 ಲೆನ್ಸ್ ಸೆಕೆಂಡ್ ಹ್ಯಾಂಡ್‌ಗೆ ಬಂದಿದೆ ಅಂತ ಯಾರಾದ್ರೂ ತೋರಿಸಿದ್ರೆ, 2.8ರಲ್ಲಿ ಎಷ್ಟೇ ಚೆಂದ ಕಂಡ್ರೂ ಜೇಬಿಗೆ ಕೈ ಹಾಕಬೇಡಿ. 2.8 ಅಂದ್ರೆ ಈ ಲೆನ್ಸ್‌ನ ಬೆಳಕಿನ ಕಿಂಡಿ (ಅಪರ್ಚರ್) ಪೂರ್ತಿ ತೆರೆದಿರೋದು, ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. 5.6ಕ್ಕೆ ಇಳಿಸಿ, 8ಕ್ಕೆ ಇಳಿಸಿ, ಆಮೇಲೆ ಮಾತು. ನನ್ನ 26,000 ರೂಪಾಯಿ ಹೋಯ್ತು. ದುಡ್ಡಾದ್ರೂ ದುಡೀಬಹುದು, ಒಂದು ಮನೆಯವರ ಮುಂದೆ ತಲೆ ಎತ್ತದ ಹಾಗಾಯ್ತಲ್ಲ, ಅದನ್ನ ಯಾರು ತಂದು ಕೊಡ್ತಾರೆ?

ನನ್ನದು ಕ್ಯಾನನ್ 80ಡಿ ಕ್ಯಾಮೆರಾ. ಕ್ಯಾಮೆರಾ ಜೊತೆಗೇ ಬರೋ ಕಿಟ್ ಲೆನ್ಸ್ 18-55ರ ಕಷ್ಟ ನಿಮಗೆಲ್ಲ ಗೊತ್ತು. ಮಂಟಪದಿಂದ ಮದುಮಗಳ ಮುಖಕ್ಕೆ ಜೂಮ್ ಮಾಡ್ತಾ ಹೋದ್ರೆ 3.5 ಇದ್ದದ್ದು 5.6 ಆಗಿ, ಶಾಟ್ ನಡುವೆಯೇ ಕತ್ತಲಾಗುತ್ತೆ. 17-55 ಹಾಗಲ್ಲ, ಈ ತುದಿಯಿಂದ ಆ ತುದಿವರೆಗೂ 2.8. ಜೊತೆಗೆ ಕೈ ನಡುಕ ತಡೆಯೋ ಐಎಸ್ ಇದೆ, ಕೈಯಲ್ಲಿ ಹಿಡಿದು ತೆಗೆಯೋರಿಗೆ ಅದು ಬೇಕೇ ಬೇಕು. ನನಗೆ ಲೆನ್ಸ್ ಮಾರಿದ ಅಂಗಡಿಯವನು ಮೊದಲು 24-70 2.8 ತಗಳ್ರಿ ಅಂದ. ಕ್ಯಾನನ್ ಡಿಎಸ್‌ಎಲ್‌ಆರ್‌ನ ಆ ಲೆನ್ಸ್‌ಗೆ ಹಳೇದಕ್ಕೂ ಐಎಸ್ ಇಲ್ಲ, 2012ರ ಎರಡನೇ ಮಾಡೆಲ್‌ಗೂ ಇಲ್ಲ. ಮೇಲಾಗಿ ನಮ್ಮ 1.6 ಕ್ರಾಪ್ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾ ಬಾಡಿಯಲ್ಲಿ 24 ಅಂದ್ರೆ 38ರಷ್ಟು ಹತ್ತಿರ ಕಾಣುತ್ತೆ, ಮದುಮಗಳ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತ್ರೂ ನಾಲ್ಕು ಜನ ಫ್ರೇಮಿಗೆ ಬರಲ್ಲ. ಸಿಗ್ಮಾ 18-35 1.8ರ ಬೆಳಕು ಭಾರಿ ಚೆಂದ, ಆದ್ರೆ ಅದಕ್ಕೂ ಐಎಸ್ ಇಲ್ಲ, 35ಕ್ಕೇ ಮುಗೀತು. ಇಷ್ಟೆಲ್ಲ ಲೆಕ್ಕ ಹಾಕೇ 17-55 ಅಂತ ತೀರ್ಮಾನ ಮಾಡಿದ್ದು. ಇವತ್ತಿಗೂ ಹೇಳ್ತೀನಿ, ಲೆನ್ಸ್ ಒಳ್ಳೇದೇ. ಮೋಸ ಮಾಡಿದ್ದು ಮನುಷ್ಯ.

ಅಂಗಡಿ ಹೆಸರು ಇಲ್ಲಿ ಬರೆಯಲ್ಲ. ಅಲ್ಲಿ ಟಾರ್ಚ್ ಹಾಕಿ ಒಳಗೆ ಫಂಗಸ್ (ಬೂಷ್ಟು) ಇದೆಯಾ ನೋಡಿದೆ, ಇರಲಿಲ್ಲ. ಒಳಗೆ ಸ್ವಲ್ಪ ಧೂಳಿತ್ತು. ‘ಈ ಲೆನ್ಸ್‌ನಾಗೆ ಧೂಳು ಇದ್ದದ್ದೇ ಅಣ್ಣ’ ಅಂದ, ಅದು ನಿಜ. ಫೋಕಸ್ ನೋಡಿದೆ, ಐಎಸ್ ಶಬ್ದ ಕೇಳಿಸಿಕೊಂಡೆ, ಜೂಮ್ ತಿರುಗಿಸಿದೆ. ಕ್ಯಾಮೆರಾ ಮಾತ್ರ ಅವನದು. ನನ್ನ ಬಾಡಿ ಬ್ಯಾಗಿಂದ ತೆಗೀತಿದ್ದ ಹಾಗೇ ‘ನಿಮ್ದು ಯಾಕೆ ಬಿಚ್ತೀರಿ, ನಂದ್ರಾಗೇ ನೋಡ್ರಿ’ ಅಂತ ಹಾಕಿಯೇ ಬಿಟ್ಟ. 2.8ಕ್ಕೆ ಇಟ್ಟು, ಹಿಂದಿನ ಬೋರ್ಡೆಲ್ಲ ಬ್ಲರ್ ಮಾಡಿ ತೋರಿಸಿದ. ನಾನು ಡಯಲ್‌ಗೆ ಬೆರಳಿಟ್ಟೆ. ‘2.8 ಲೆನ್ಸ್ ತಗಂಡು 2.8ನಾಗೆ ನೋಡ್ಲಿಲ್ಲಂದ್ರೆ ಹೆಂಗಣ್ಣ’ ಅಂತ ಕ್ಯಾಮೆರಾ ತಗೊಂಡ. ಆ ಬೆರಳು, ಆ ಡಯಲ್ಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಲ್ ಕೇಳಿದ್ರೆ ಒಂದು ಚೀಟಿಯಲ್ಲಿ ‘ಲೆನ್ಸ್ 1’ ಅಂತ ಬರೆದು ಕೊಟ್ಟ. ಸೀರಿಯಲ್ ನಂಬರ್ ಇಲ್ಲ, ಸೀಲ್ ಇಲ್ಲ.

ಮದುವೆ ಹರಿಹರದಲ್ಲಿ. ಬೆಳಗ್ಗೆಯಿಂದ ಒಬ್ಬೊಬ್ಬರನ್ನೇ 2.8ರಲ್ಲಿ ತೆಗೀತಿದ್ದೆ, ಏನೂ ತೊಂದರೆ ಇಲ್ಲ. ಧಾರೆಗೆ ಎರಡೂ ಕಡೆಯ ಹಿರಿಯರು ಹಿಂದೆ ಮುಂದೆ ನಿಂತ್ರು. ಎಲ್ಲರ ಮುಖಾನೂ ಫೋಕಸ್‌ನಲ್ಲಿರಲಿ ಅಂತ 5.6ಕ್ಕೆ ಇಳಿಸಿ ಜೂಮ್ ತಿರುಗಿಸಿದೆ. ಅಷ್ಟೇ. ರೆಕಾರ್ಡಿಂಗ್ ನಿಂತು ಸ್ಕ್ರೀನ್ ಮೇಲೆ ಎರರ್ 01, ಅಂದ್ರೆ ಕ್ಯಾಮೆರಾಗೂ ಲೆನ್ಸ್‌ಗೂ ಸಂಪರ್ಕ ಸರಿಯಿಲ್ಲ ಅಂತ. ಲೆನ್ಸ್ ಬಿಚ್ಚಿ ಹಾಕಿದೆ, ಬ್ಯಾಟರಿ ತೆಗೆದು ಹಾಕಿದೆ, ಮತ್ತೆ ಎರರ್ 01. ಅಷ್ಟೊತ್ತಿಗೆ ಗಟ್ಟಿಮೇಳ ಶುರುವಾಯ್ತು. ಕಿಟ್ ಲೆನ್ಸ್ ಹಾಕಿ ತಲೆ ಎತ್ತೋದ್ರೊಳಗೆ ಮಾಂಗಲ್ಯ ಕಟ್ಟಿ ಆಗಿತ್ತು. ಹುಡುಗಿಯ ಅಪ್ಪ ಹತ್ತಿರ ಬಂದು ‘ಬಂತೇನಪ್ಪ ಎಲ್ಲ?’ ಅಂತ ಕೇಳಿದ್ರು. ಬೈದಿದ್ರೂ ತಡ್ಕೋತಿದ್ದೆ. ಆ ಮನೆಯ ವಿಡಿಯೋದಲ್ಲಿ ಈಗ ತಾಳಿ ಕಟ್ಟಿದ ಭಾಗ ಯಾರೋ ನೆಂಟರ ಮೊಬೈಲ್‌ನಿಂದ ತಗೊಂಡು ಸೇರಿಸಿದ್ದು.

ಸಂಜೆ ಫೋನ್ ಮಾಡಿದೆ. ಮೊದಲು ‘ನಿಮ್ ಬಾಡಿ ಪ್ರಾಬ್ಲಂ ಇರಬೇಕು, ಕಾಂಟ್ಯಾಕ್ಟ್ ಒರೆಸ್ರಿ’. ಒರೆಸಿದ್ದೀನಿ ಅಂದೆ. ‘ಚೆಕ್ ಮಾಡೇ ತಗಂಡು ಹೋಗೀರಲ್ಲ’. ಆಮೇಲೆ ಫೋನ್ ಎತ್ತಲೇ ಇಲ್ಲ. ವಾಟ್ಸ್ಆಪ್‌ನಲ್ಲಿ ‘ಎರರ್ ಬರ್ತಿದೆ, ಏನ್ ಮಾಡ್ತೀರಿ ಹೇಳಿ’ ಅಂತ ಹಾಕಿದೆ. ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು: ‘ಅಣ್ಣ, 2.8ನಾಗೇ ಇಟ್ಕಂಡು ಹೊಡೀರಿ, ಏನೂ ಆಗಲ್ಲ.’

ಮತ್ತೆ ಮತ್ತೆ ಹಾಕಿ ಕೇಳಿದೆ. ನಾನು ಅಪರ್ಚರ್ ಸುದ್ದಿಯನ್ನೇ ಎತ್ತಿರಲಿಲ್ಲ. ಫೋನ್‌ನಲ್ಲೂ ಎತ್ತಿಲ್ಲ, ಮೆಸೇಜ್‌ನಲ್ಲೂ ಎತ್ತಿಲ್ಲ. ಎರರ್ ಅಂದಿದ್ದೆ, ಅಷ್ಟೇ. 2.8ರಲ್ಲಿ ಇಟ್ಟರೆ ಬರಲ್ಲ ಅಂತ ಅವನಿಗೆ ಹೇಗೆ ಗೊತ್ತು? ಗೊತ್ತಿದ್ದೇ ಕೊಟ್ಟಿದ್ದಾನೆ. ಗೊತ್ತಿದ್ದೇ ಡಯಲ್ ಮೇಲಿಂದ ನನ್ನ ಬೆರಳು ತೆಗೆಸಿದ್ದಾನೆ.

ಬೆಂಗಳೂರಿನಲ್ಲಿ ರಿಪೇರಿಯವರ ಹತ್ತಿರ ಬಿಚ್ಚಿಸಿದೆ. ಅಪರ್ಚರ್‌ಗೆ ಹೋಗೋ ಫ್ಲೆಕ್ಸ್ ಕೇಬಲ್ ತುಂಡಾಗಿತ್ತು. ತೆಳ್ಳನೆ ಪಟ್ಟಿ ಅದು, ಜೂಮ್ ಮಾಡಿದಾಗೆಲ್ಲ ಮಡಚಿ ಮಡಚಿ ಸವೆಯುತ್ತೆ, ಈ ಲೆನ್ಸ್‌ಗೆ ಬರೋ ಗೊತ್ತಿರೋ ಕಾಯಿಲೆ. 2.8ರಲ್ಲಿ ಅಪರ್ಚರ್‌ನ ತೆಳ್ಳನೆ ಎಲೆಗಳು ಪೂರ್ತಿ ತೆರೆದೇ ಇರುತ್ತವೆ, ಅಲುಗೋ ಕೆಲಸವೇ ಇಲ್ಲ, ಹಾಗಾಗಿ ರೋಗ ಕಾಣಲ್ಲ. ಮುಚ್ಚು ಅಂದ ತಕ್ಷಣ ಎರರ್. ಅವರು ಮೌಂಟಿನ (ಲೆನ್ಸ್ ಕ್ಯಾಮೆರಾಗೆ ಕೂಡೋ ಹಿಂಭಾಗದ) ಸ್ಕ್ರೂ ತೋರಿಸಿದ್ರು: ತಲೆ ಮೇಲೆಲ್ಲ ಡ್ರೈವರ್ ಜಾರಿದ ಬಿಳಿ ಗೀರು, ಒಂದು ಸ್ಕ್ರೂ ಅಂತೂ ಬೇರೆ ಯಾವುದೋ ಲೆನ್ಸಿಂದು. ನನ್ನ ಕೈಗೆ ಬರೋ ಮುಂಚೆಯೇ ಯಾರೋ ಬಿಚ್ಚಿ, ಆಗಲ್ಲ ಅಂತ ಮುಚ್ಚಿದ್ದಾರೆ.

ಇಷ್ಟು ಹೇಳಿದ ಮೇಲೆ ಅಂಗಡಿಯವನ ಉತ್ತರ ಕೇಳಿ: ‘ಹನ್ನೆರಡು ಸಾವಿರಕ್ಕೆ ವಾಪಸ್ ತಗಂತೀನಿ, ಬೇರೆ ಯಾರಿಗಾದ್ರೂ ಹಾಕ್ತೀನಿ.’ ಆ ಬೇರೆ ಯಾರೋ ಅಂದ್ರೆ ನೀವೇ, ನಮ್ಮ ಜೊತೆ ಕೆಲಸ ಮಾಡೋ ಯಾವುದೋ ಹುಡುಗ. ಕೊಡಲ್ಲ ಅಂದೆ.

ನೀವು ಹೋದಾಗ ನಿಮ್ಮ ಬಾಡಿಗೇ ಹಾಕಿಸಿ. ಬೇಡ ಅಂದ್ರೆ ಎದ್ದು ಬನ್ನಿ. ಮೂವಿ ಮೋಡ್‌ನಲ್ಲಿ ಎಫ್ 8 ಇಟ್ಟು ರೆಕಾರ್ಡ್ ಒತ್ತಿ, 17ರಿಂದ 55ಕ್ಕೂ ವಾಪಸ್ಸೂ ನಿಧಾನಕ್ಕೆ ತಿರುಗಿಸಿ. ಹಿಂದಿನ ಸ್ಕ್ರೂ ನೋಡಿ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ, ‘ನಮ್ಮೂರೋರೇ ಅಲ್ವೇನಣ್ಣ’ ಅಂದ್ರಂತೂ ಕೊಡಲೇಬೇಡಿ.

ಚೀಟಿ, ವಾಯ್ಸ್ ಮೆಸೇಜ್, ರಿಪೇರಿಯವರು ಬರೆದು ಕೊಟ್ಟಿದ್ದು ಮೂರೂ ನನ್ನ ಹತ್ತಿರ ಇವೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ, ಮುಂದೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗ್ತೀನಿ. ದಾವಣಗೆರೆಯಲ್ಲಿ ಇದೇ ಥರ ‘2.8ನಾಗೇ ಹೊಡೀರಿ’ ಅಂತ ಇನ್ಯಾರಿಗಾದ್ರೂ ಹೇಳಿದ್ರೆ ನನಗೆ ತಿಳಿಸಿ, ದೂರಿನಲ್ಲಿ ನಿಮ್ಮದನ್ನೂ ಸೇರಿಸೋಣ.