ಚಿಕ್ಕಜಾಜೂರು ಸ್ಟೇಷನ್ನಿಗೆ ಯಾವ ಲೈಟು? ನಾಲ್ಕು ಥರ ಹಾಕಿ ನೋಡಿದ್ದು

ದಾವಣಗೆರೆ ನಮ್ಮನೆ ಮಹಡಿ ರೂಮಲ್ಲಿ ಎಂಟಡಿ ಪ್ಲೈವುಡ್ ಮೇಲೆ ಒಂದು ಪುಟ್ಟ ಮಾಡೆಲ್ ರೈಲ್ವೆ ಲೇಔಟ್ ಕಟ್ತಾ ಇದೀನಿ, ಎಚ್‌ಓ ಸ್ಕೇಲು, ಅಂದ್ರೆ 1:87, ನಿಜವಾದದ್ದರ 87ನೇ ಒಂದು ಭಾಗದಷ್ಟು. ಸ್ಟೇಷನ್ನು ಚಿಕ್ಕಜಾಜೂರು ಜಂಕ್ಷನ್ನಿನ ನೆನಪಲ್ಲಿ ಮಾಡಿದ್ದು. ಚಿತ್ರದುರ್ಗದ ಲೈನು ಕವಲೊಡೆಯೋದು ಅಲ್ಲೇ, ಚಿಕ್ಕವನಿದ್ದಾಗ ಅಜ್ಜಿ ಊರಿಗೆ ಹೋಗೋವಾಗ ರಾತ್ರಿ ಹೊತ್ತು ಅಲ್ಲಿ ಗಂಟೆಗಟ್ಲೆ ಕೂತಿದ್ದೀವಿ, ಆಗಿನ್ನೂ ಮೀಟರ್ ಗೇಜ್ ಕಾಲ. ಸ್ಟೇಷನ್ ಮಾಸ್ಟರ್ ರೂಮಲ್ಲಿ ಒಂದು ಹಳದಿ ಬಲ್ಬು, ಟಿಕೆಟ್ ಕಿಟಕಿಲಿ ಒಂದು, ಮಿಕ್ಕಿದ್ದೆಲ್ಲ ಕತ್ತಲೆ. ನನಗೆ ಬೇಕಾಗಿದ್ದು ಆ ಬೆಳಕು. 

ಬಿಲ್ಡಿಂಗು ಸನ್‌ಬೋರ್ಡಲ್ಲಿ (ಹಗುರ ಪ್ಲಾಸ್ಟಿಕ್ ಫೋಮ್ ಹಾಳೆ) ಮಾಡಿ ಛಾವಣಿ ಎತ್ತೋ ಹಾಗೆ ಇಟ್ಕೊಂಡಿದ್ದೆ, ಹಂಗಾಗಿ ಒಂದೇ ಕಟ್ಟಡಕ್ಕೆ ನಾಲ್ಕು ಥರದ ಲೈಟು ಒಂದಾದ ಮೇಲೊಂದು ಹಾಕಿ, ಒಂದೊಂದು ವಾರ ಸಂಜೆ ರೂಮಿನ ಟ್ಯೂಬ್‌ಲೈಟ್ ಆರಿಸಿ ನೋಡ್ದೆ.

ಮೊದಲು ಹಾಕಿದ್ದು ಗೋಧಿ ಕಾಳಷ್ಟೇ ಇರೋ 12 ವೋಲ್ಟಿನ ಫಿಲಮೆಂಟ್ ಬಲ್ಬು. ಬಣ್ಣದ ವಿಷಯದಲ್ಲಿ ಇದನ್ನ ಮೀರಿಸೋದು ಯಾವುದೂ ಇಲ್ಲ, 12ರ ಬದಲು 9 ವೋಲ್ಟ್ ಕೊಟ್ರೆ ಥೇಟ್ ಹಳೇ ಸ್ಟೇಷನ್ ಬಲ್ಬಿನ ಮಂಕು ಹಳದಿ ಬರುತ್ತೆ, ಬಲ್ಬಿನ ಆಯಸ್ಸೂ ಜಾಸ್ತಿ ಆಗುತ್ತೆ. ಆದ್ರೆ ಬಿಸಿ. ನಾಲ್ಕನೇ ದಿನ ಎರಡು ಗಂಟೆ ಉರಿಸಿಟ್ಟು ಊಟಕ್ಕೆ ಇಳಿದು ಬಂದು ವಾಪಸ್ ಹೋಗಿ ನೋಡ್ತೀನಿ, ಬಲ್ಬು ತಾಗಿಕೊಂಡಿದ್ದ ಕಡೆ ಛಾವಣಿ ಮೆತ್ತಗಾಗಿ ಬೆರಳು ಒತ್ತಿದ ಹಾಗೆ ಕುಸಿದುಬಿಟ್ಟಿತ್ತು, ಹದಿನೈದು ದಿನ ಕೂತು ಒಂದೊಂದೇ ಅಂಟಿಸಿದ ಮಂಗಳೂರು ಹೆಂಚಿನ ಸಾಲು ಹೋಯ್ತು, ತುಂಬಾ ಬೇಜಾರಾಯ್ತು. ಕರೆಂಟೂ ಜಾಸ್ತಿ ಎಳೆಯುತ್ತೆ, ಮೀಟರ್ ಇಟ್ಟು ನೋಡಿದಾಗ ನನ್ನ ಬಲ್ಬು ಒಂದಕ್ಕೆ 60 ಮಿಲಿಆಂಪ್ ಹತ್ರ ಬಂತು, ಇಪ್ಪತ್ತು ಬಲ್ಬು ಹಾಕಿದ್ರೆ 1 ಆಂಪ್ ದಾಟಿತು.

ಆಮೇಲೆ ಎಲ್‌ಇಡಿ ಸ್ಟ್ರಿಪ್, ಪಿಓಪಿ ಸೀಲಿಂಗಿಗೆ ಹಾಕ್ತಾರಲ್ಲ ಅದೇ, 12 ವೋಲ್ಟು, ವಾರ್ಮ್ ವೈಟ್. ಮೀಟರಿಗೆ 60 ಎಲ್‌ಇಡಿ ಇರೋದಾದ್ರೆ ಮೂರು ಮೂರಕ್ಕೆ ಅಂದ್ರೆ 5 ಸೆಂಟಿಮೀಟರಿಗೆ ಒಂದು ಕಡೆ ಕಟ್ ಮಾಡಬಹುದು, ಕರೆಂಟ್ ಕಮ್ಮಿ ಮಾಡೋ ರೆಸಿಸ್ಟರ್ ಅದರಲ್ಲೇ ಇರುತ್ತೆ, ಎರಡು ವೈರ್ ಸೋಲ್ಡರ್ ಮಾಡಿದ್ರೆ ಕೆಲಸ ಮುಗೀತು. ಸುಲಭದಲ್ಲಿ ಸುಲಭ. ಆದ್ರೆ ಹಾಕಿ ಸ್ವಿಚ್ ಒತ್ತಿದ ತಕ್ಷಣ ಅಣ್ಣನ ಮಗಳು "ಚಿಕ್ಕಪ್ಪ, ಇದು ಸ್ಟೇಷನ್ನಾ, ಕಲ್ಯಾಣ ಮಂಟಪನಾ?" ಅಂದ್ಲು, ಅವಳು ಹೇಳಿದ್ದು ನಿಜ. ಗೋಡೆನೇ ಹೊಳೀತಾ ಇತ್ತು, ಮೂಲೆ ಸಂದಿಲೆಲ್ಲ ಬೆಳಕು ಸೋರ್ತಿತ್ತು. ವೋಲ್ಟೇಜ್ ಇಳಿಸೋಣ ಅಂದ್ರೆ ಮೂರು ಎಲ್‌ಇಡಿ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೊಂದು ಇರೋದ್ರಿಂದ 9ರ ಹತ್ರ ಬಂದ್ರೆ ಮಂಕಾಗಿ ಆರೋ ಹಂತಕ್ಕೆ ಬರುತ್ತೆ, ನಡುವೆ ಹಿಡಿದು ನಿಲ್ಸೋದು ಕಷ್ಟ. ಇನ್ನೊಂದು, ಆ 5 ಸೆಂಟಿ ತುಂಡು ನಮ್ಮ ಸ್ಕೇಲಲ್ಲಿ ನಾಲ್ಕು ಮೀಟರಿಗೂ ಜಾಸ್ತಿ, ಸಣ್ಣ ರೂಮಿಗೆ ಕೂರಲ್ಲ. ಹತ್ತಿ ಮಿಲ್ಲಿನ ಶೆಡ್ಡು, ಗೂಡ್ಸ್ ಶೆಡ್ಡು ಇಂಥ ಉದ್ದದ ಕಟ್ಟಡಕ್ಕೆ ಮಾತ್ರ ಇದೇ ಬೆಸ್ಟು.

ದೀಪಾವಳಿಗೆ ತಂದ ತಾಮ್ರದ ತಂತಿ ಸೀರಿಯಲ್ ಸೆಟ್ಟೂ ಹಾಕ್ದೆ. ಸೋಲ್ಡರಿಂಗ್ ಬೇಡ, ಮಕ್ಕಳೂ ಮಾಡಬಹುದು. ಆದ್ರೆ ಎಲ್ಲಾ ರೂಮಲ್ಲೂ ಒಂದೇ ಸಮ ಬೆಳಕು, ಯಾವುದನ್ನೂ ಬೇರೆ ಆರಿಸೋಕಾಗಲ್ಲ, ಬ್ಯಾಟರಿ ಬೇರೆ ಬದಲಾಯಿಸ್ತಾ ಇರ್ಬೇಕು. ಜಾತ್ರೆ ಸೀನಿಗೆ ಎತ್ತಿಟ್ಟಿದೀನಿ.

ಕೊನೆಗೆ ನಿಂತಿದ್ದು ಬಿಡಿ ಎಲ್‌ಇಡಿ, 3 ಮಿಲಿಮೀಟರ್ ವಾರ್ಮ್ ವೈಟ್, ಒಂದೊಂದಕ್ಕೂ ಬೇರೆ ಬೇರೆ ರೆಸಿಸ್ಟರ್. ಲೆಕ್ಕ ಸುಲಭ, 12 ವೋಲ್ಟಲ್ಲಿ ಎಲ್‌ಇಡಿಗೆ ಸುಮಾರು 3 ಹೋದ್ರೆ 9 ಉಳೀತು, ಅದನ್ನ ಬೇಕಾದ ಕರೆಂಟಿಂದ ಭಾಗಿಸೋದು. ಎಲ್ಲರೂ 470 ಓಮ್ ಹಾಕು ಅಂತಾರೆ, ಅದು ಸುಮಾರು 20 ಮಿಲಿಆಂಪ್, ಅಂದ್ರೆ ಎಲ್‌ಇಡಿಯ ಪೂರ್ತಿ ಬೆಳಕು, ಪುಟ್ಟ ರೂಮಿಗೆ ಅಷ್ಟು ಯಾಕೆ? ಓಮ್ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ, ಹಂಗಾಗಿ ನಾನು 1ಕೆ (ಅಂದ್ರೆ ಸಾವಿರ ಓಮ್), 2.2ಕೆ, 4.7ಕೆ ಅಂತ ಏರಿಸ್ತಾ ಹೋದೆ. ಟಿಕೆಟ್ ಕೌಂಟರಿಗೆ 4.7ಕೆ ಸರಿ ಹೋಯ್ತು, ಮಾಸ್ಟರ್ ರೂಮಿಗೆ 10ಕೆ, ಅಂದ್ರೆ 1 ಮಿಲಿಆಂಪೂ ಇಲ್ಲ, ಲಗೇಜ್ ರೂಮಿಗೆ 22ಕೆ. ಇಷ್ಟು ಕಮ್ಮಿಲಿ ಉರಿಯುತ್ತಾ ಅಂತ ನಂಗೂ ಅನುಮಾನ ಇತ್ತು, ಉರಿಯುತ್ತೆ, ಕತ್ತಲೆ ರೂಮಲ್ಲಿ ಅದೇ ಸರಿಯಾಗಿ ಕಾಣೋದು. ಬಿಸಿ ಇಲ್ವೇ ಇಲ್ಲ. ಕಷ್ಟ ಅಂದ್ರೆ ಕೆಲಸ ಜಾಸ್ತಿ, ಉದ್ದ ಕಾಲು ಪ್ಲಸ್ ಅನ್ನೋದು ಮರೆತು ಉಲ್ಟಾ ಹಾಕಿದ್ರೆ ಹತ್ತಲ್ಲ, ಎಂಟು ರೂಮಿಗೆ ಹದಿನಾರು ವೈರು ಬೋರ್ಡ್ ಕೆಳಗೆ ಎಳೀಬೇಕು.

ಯಾವ ಲೈಟ್ ಹಾಕಿದ್ರೂ ಗೋಡೆ ಒಳಗಡೆ ಮೊದಲು ಕಪ್ಪು ಪೇಂಟ್ ಎರಡು ಕೋಟ್, ಅದರ ಮೇಲೆ ತಿಳಿ ಬಣ್ಣ ಹೊಡೀರಿ, ಬೆಳಕು ಸೋರಲ್ಲ. ಎಲ್‌ಇಡಿನ ಕಿಟಕಿ ಕಡೆ ತಿರುಗಿಸಬೇಡಿ, ಹಿಂದಿನ ಗೋಡೆಗೆ ತಿರುಗಿಸಿ, ಕಿಟಕಿಗೆ ಬಟರ್ ಪೇಪರ್ ಅಂಟಿಸಿ. ನನ್ನ ಟಿಕೆಟ್ ಕಿಟಕಿಗೆ ಮಾತ್ರ ಪೇಪರ್ ಹಾಕಿಲ್ಲ, ಅಲ್ಲಿಂದ ಬರೋ ಬೆಳಕು ಪ್ಲಾಟ್‌ಫಾರ್ಮ್ ಮೇಲೆ ಹೆಬ್ಬೆಟ್ಟಿನಷ್ಟಗಲ ಬೀಳುತ್ತೆ, ಅಲ್ಲಿ ಎರಡು ಸೆಂಟಿ ಎತ್ತರದ ಒಬ್ಬ ಹೆಂಗಸು, ಪಕ್ಕದಲ್ಲಿ ಟ್ರಂಕ್ ಹಿಡಿದ ಹುಡುಗನ್ನ ನಿಲ್ಲಿಸಿದೀನಿ.